ಬರುತ್ತದೆ, ಬರಬಹುದು, ಬಂದೀತು: ವಿಮಾನ ನಿಲ್ದಾಣದ ಗುಡುಗು-ಮಳೆ ಮುನ್ಸೂಚನೆಯನ್ನು ಕಾಸರಗೋಡಿನಿಂದ ಓದುವುದು

(ನಮ್ಮ ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಂಡನೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯ ಚರ್ಚೆಯಿಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ನನ್ನ ಧ್ವನಿ ಕೇಳ್ತಾ ಉಂಟಲ್ಲ? ಸರಿ. ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ನಮ್ಮ ಮನೆ ಇರುವುದು ಕಾಸರಗೋಡು ತಾಲೂಕಿನ ಮೂಡು ಬದಿಯ ಗುಡ್ಡದ ಬುಡದಲ್ಲಿ. ಈಗ ಮಧ್ಯಾಹ್ನ ಮೂರೂವರೆ, ಮೂಡುದಿಕ್ಕು ಕಪ್ಪಾಗಿದೆ. ಗುಡುಗು ಹತ್ತಿರ ಬಂದರೆ ಅಮ್ಮ ಬಂದು ಮೋಡೆಮ್‌ನ ವಯರ್ ಕಿತ್ತು ಹಾಕ್ತಾರೆ, ಸಂಕಿರಣ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎರಡು ಮೋಡೆಮ್ ಸುಟ್ಟುಹೋದ ಮೇಲೆ ನಮ್ಮ ಮನೆಯಲ್ಲಿ ಆ ವಿಷಯದಲ್ಲಿ ಚರ್ಚೆ ಇಲ್ಲ. ಹಾಗಾಗಿ ನಾನು ಮಧ್ಯದಲ್ಲಿ ಮಾಯವಾದರೆ ದಯವಿಟ್ಟು ಹತ್ತು ನಿಮಿಷ ಕಾಯಬೇಕು.

ಕನ್ನಡ ಎಂ.ಎ. ವಿದ್ಯಾರ್ಥಿ ವಿಮಾನ ನಿಲ್ದಾಣದ ಹವಾಮಾನದ ಬಗ್ಗೆ ಯಾಕೆ ಮಾತಾಡಬೇಕು ಅಂತ ನಮ್ಮ ಮೇಡಂ ಕೇಳಿದ್ದರು. ಎರಡು ಕಾರಣ ಉಂಟು. ಒಂದು, ಮುನ್ಸೂಚನೆ ಎನ್ನುವುದು ಕೊನೆಗೂ ಒಂದು ವಾಕ್ಯ. ಅದನ್ನು ಬರೆಯುವುದಕ್ಕೆ ರಾಡಾರ್ ಬೇಕು, ಉಪಗ್ರಹ ಬೇಕು, ಕಂಪ್ಯೂಟರ್ ಬೇಕು. ಆದರೆ ಓದುವವನ ಕೈಗೆ ಬರುವುದು ಕೆಲವು ಶಬ್ದಗಳು ಮಾತ್ರ. ಎರಡನೆಯ ಕಾರಣ ಮನೆಯದ್ದು, ಅದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳ್ತೇನೆ.

ಶಬ್ದದಿಂದಲೇ ಶುರುಮಾಡುವ. ಕನ್ನಡದಲ್ಲಿ ಮಿಂಚು, ಗುಡುಗು, ಸಿಡಿಲು ಅಂತ ಮೂರು ಬೇರೆ ಬೇರೆ ಮಾತುಗಳಿವೆ: ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಮೈಮೇಲೆ ಅಥವಾ ತೆಂಗಿನ ಮರದ ಮೇಲೆ ಬೀಳುವುದು. ಆದರೆ ಇವೆಲ್ಲ ಒಟ್ಟಾಗಿ, ಗಾಳಿ-ಮಳೆಯೊಂದಿಗೆ, ಒಂದು ಗಂಟೆ ಕುಣಿದು ಹೋಗುವ ಆ ಇಡೀ ಪ್ರಸಂಗಕ್ಕೆ ನಮ್ಮಲ್ಲಿ ಒಂದೇ ಶಬ್ದ ಇಲ್ಲ. 'ಗುಡುಗು ಸಹಿತ ಮಳೆ' ಎಂದು ಪತ್ರಿಕೆಯವರು ಬರೀತಾರೆ. ತುಳುವಿನಲ್ಲಿ ಗುಡುಗಿಗೆ 'ತೆಡಿಲ್' ಅಂತಾರೆ. ಮಲಯಾಳದಲ್ಲಿ ಗುಡುಗನ್ನೂ ಮಿಂಚನ್ನೂ ಜೋಡಿಸಿ 'ಇಡಿಮಿನ್ನಲ್' ಮಾಡಿಕೊಂಡಿದ್ದಾರೆ. ನಮ್ಮ ಜಿಲ್ಲೆಗೆ ಮೊಬೈಲಿನಲ್ಲಿ ಬರುವ ಎಚ್ಚರಿಕೆಗಳಲ್ಲಿ ಇರುವುದು ಆ ಶಬ್ದ. ವಿಮಾನದವರು ಇದಕ್ಕೆ ಇಟ್ಟಿರುವುದು ಎರಡೇ ಅಕ್ಷರ: ಟಿ.ಎಸ್.

ಈ ಟಿ.ಎಸ್. ಅನ್ನು ಯಾವಾಗ ಬರೆಯಬೇಕು ಎಂಬ ನಿಯಮ ಓದಿದಾಗ ನನಗೆ ನಿಜವಾಗಿ ಖುಷಿ ಆಯ್ತು. ವಿಮಾನ ನಿಲ್ದಾಣಗಳಲ್ಲಿ ಹವಾಮಾನದ ವೀಕ್ಷಕರು ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಒಂದು ವರದಿ ಕಳಿಸ್ತಾರೆ, ಅದಕ್ಕೆ 'ಮೆಟಾರ್' ಎಂದು ಹೆಸರು. ಗಾಳಿ ಯಾವ ಕಡೆಯಿಂದ, ಎಷ್ಟು ವೇಗ, ಎಷ್ಟು ದೂರ ಕಾಣ್ತದೆ, ಮೋಡ ಎಷ್ಟು ಎತ್ತರದಲ್ಲಿ, ಉಷ್ಣಾಂಶ, ಒತ್ತಡ, ಎಲ್ಲ ಒಂದೇ ಸಾಲಿನಲ್ಲಿ. ಹವೆ ನಡುವೆಯೇ ಬದಲಾದರೆ ಅರ್ಧ ಗಂಟೆ ಕಾಯದೆ 'ಸ್ಪೆಸಿ' ಎಂಬ ವಿಶೇಷ ವರದಿ ಹೋಗ್ತದೆ. ಇದರಲ್ಲಿ ಟಿ.ಎಸ್. ಎಂದು ಬರೆಯಬೇಕಾದರೆ, ಮನುಷ್ಯರೇ ವೀಕ್ಷಿಸುವ ಕಡೆ, ಹಿಂದಿನ ಹತ್ತು ನಿಮಿಷದೊಳಗೆ ಗುಡುಗು ಕಿವಿಗೆ ಕೇಳಿರಬೇಕು. ಮಿಂಚು ಕಂಡರೆ ಸಾಲದು. ನಮ್ಮ ಅಜ್ಜಿ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿ ಜಗಲಿಯಲ್ಲಿ ಕೂತು ಕಿವಿಗೊಡುತ್ತಿದ್ದದ್ದೂ ಇದೇ ಕೆಲಸ. ಕಣ್ಣು ಮೋಸ ಮಾಡ್ತದೆ, ದೂರದ ಮಿಂಚು ರಾತ್ರಿ ಎಷ್ಟೋ ದೂರದಿಂದ ಕಾಣ್ತದೆ. ಗುಡುಗು ಹೆಚ್ಚೆಂದರೆ ಹದಿನೈದಿಪ್ಪತ್ತು ಕಿಲೋಮೀಟರಿನಿಂದ ಕೇಳೀತು. ನಿಲ್ದಾಣದಿಂದ 8ರಿಂದ 16 ಕಿ.ಮೀ. ಆಸುಪಾಸಿನಲ್ಲಿ ಗುಡುಗು ಇದ್ದರೆ ಅದಕ್ಕೆ ಬೇರೆಯೇ ಸಂಕೇತ: ವಿ.ಸಿ.ಟಿ.ಎಸ್. ಅಂದರೆ 'ನೆರೆಯಲ್ಲಿ ಉಂಟು, ಇಲ್ಲಿಗೆ ಇನ್ನೂ ಬಂದಿಲ್ಲ'.

ಇನ್ನು ಮನೆಯ ಕಾರಣ. ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಅಜ್ಜಿ ತೀರಿಕೊಂಡರು. ಬೆಳಗ್ಗಿನ ಜಾವ. ಅಣ್ಣ ಶಾರ್ಜಾದಲ್ಲಿದ್ದ. ಅವನನ್ನು ಸಾಕಿದ್ದು ಅಜ್ಜಿಯೇ, ಹಾಗಾಗಿ ಅವನು ಬರುವವರೆಗೆ ಕಾಯುವುದು ಅಂತ ಹಿರಿಯರು ಒಪ್ಪಿದರು. ಮಧ್ಯಾಹ್ನದ ವಿಮಾನ ಸಿಕ್ಕಿತು, ಸಂಜೆ ಏಳೂವರೆಗೆ ಇಳಿಯಬೇಕು, ಹತ್ತರೊಳಗೆ ಮನೆ. ನಾನು ಮತ್ತು ಅಪ್ಪ ಜೀಪಿನಲ್ಲಿ ಹೋಗಿ ನಿಲ್ದಾಣದ ಹೊರಗೆ ನಿಂತೆವು. ಯಾವ ನಿಲ್ದಾಣ, ಯಾವ ಕಂಪೆನಿ ಎಂಬುದು ಇಲ್ಲಿ ಬೇಡ. ಆರೂಮುಕ್ಕಾಲಿಗೆ ಗುಡುಗು ಶುರುವಾಯ್ತು. ಏಳೂವರೆಗೆ ಪಕ್ಕದಲ್ಲಿದ್ದ ಕಾರು ಕಾಣದಷ್ಟು ಮಳೆ. ಎಂಟು ಗಂಟೆಗೆ ಫಲಕದಲ್ಲಿ ವಿಮಾನ ಬೇರೆ ಕಡೆ ತಿರುಗಿದೆ ಎಂದು ಬಂತು. ಎಲ್ಲಿಗೆ, ಯಾವಾಗ ವಾಪಸು, ಯಾರಿಗೂ ಗೊತ್ತಿಲ್ಲ. ಕೌಂಟರಿನಲ್ಲಿದ್ದ ಹುಡುಗ ಪಾಪ ನನ್ನಷ್ಟೇ ಪ್ರಾಯದವ, 'ಮಾಹಿತಿ ಬಂದಿಲ್ಲ' ಅಂತ ನಲ್ವತ್ತು ಜನರಿಗೆ ನಲ್ವತ್ತು ಸಲ ಹೇಳ್ತಿದ್ದ. ಅಣ್ಣನ ಊರಿನ ಸಿಮ್ ರೀಚಾರ್ಜ್ ಮಾಡದೆ ಸತ್ತುಹೋಗಿತ್ತು.

ಒಂಬತ್ತೂವರೆಗೆ ಆಕಾಶದಲ್ಲಿ ನಕ್ಷತ್ರ ಕಾಣ್ತಿತ್ತು. ಮನೆಯಲ್ಲಿ ದೊಡ್ಡ ಮಾವ ಹನ್ನೊಂದರವರೆಗೆ ಕಾದರು, ಆಮೇಲೆ ಇನ್ನು ಇಡುವುದು ಬೇಡ ಎಂದರು. ಹನ್ನೊಂದೂವರೆಗೆ ಬೆಂಕಿ ಕೊಟ್ಟರು. ಹನ್ನೊಂದೂಮುಕ್ಕಾಲಿಗೆ ಅಣ್ಣ ಯಾರದ್ದೋ ಫೋನಿನಿಂದ ಕರೆ ಮಾಡಿದ, ಬೆಂಗಳೂರಿನಲ್ಲಿ ವಿಮಾನದ ಒಳಗೇ ಕೂತಿದ್ದೇವೆ, ಈಗ ಹೊರಡ್ತದಂತೆ ಅಂತ.

'ಇಷ್ಟು ದೊಡ್ಡ ವಿಮಾನ ಬಿಡುವವರಿಗೆ ಮಳೆ ಬರುವುದು ಮೊದಲೇ ಗೊತ್ತಾಗುವುದಿಲ್ಲವಾ?' ಅಂತ ಅಪ್ಪ ಆ ರಾತ್ರಿ ಜೀಪಿನಲ್ಲಿ ಕೇಳಿದರು. ಈ ಪ್ರಬಂಧ ಆ ಪ್ರಶ್ನೆಗೆ ಉತ್ತರ ಹುಡುಕಿದ್ದು, ಅಷ್ಟೇ.

ಉತ್ತರದ ದೊಡ್ಡ ಪಾಲು ಒಂದು ಸಣ್ಣ ಲೆಕ್ಕದಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಕೂಡಲೆ, 1946-47ರಲ್ಲಿ, ಅಮೆರಿಕದ ಫ್ಲಾರಿಡಾ ಮತ್ತು ಒಹಾಯೊಗಳಲ್ಲಿ ವಿಮಾನಗಳನ್ನು ಬೇಕಂತಲೇ ಗುಡುಗಿನ ಮೋಡಗಳೊಳಗೆ ನುಗ್ಗಿಸಿ ಅಳತೆ ಮಾಡಿದರು. ಬೈಯರ್ಸ್ ಮತ್ತು ಬ್ರಹಾಮ್ ಎಂಬಿಬ್ಬರು ಅದರ ಫಲಿತಾಂಶ ಬರೆದರು. ಗುಡುಗಿನ ಮೋಡಕ್ಕೆ ಮೂರು ಪ್ರಾಯ ಎಂದು ಅವರು ಕಂಡುಕೊಂಡರು. ಮೊದಲನೆಯದರಲ್ಲಿ ಬಿಸಿಯಾದ ತೇವದ ಗಾಳಿ ಬರೀ ಮೇಲಕ್ಕೇರ್ತದೆ, ಹತ್ತಿಯ ಗುಡ್ಡೆಯಂತೆ ಮೋಡ ಬೆಳೀತದೆ. ಎರಡನೆಯದರಲ್ಲಿ ಮೇಲೇರುವ ಗಾಳಿಯ ಪಕ್ಕದಲ್ಲೇ ಮಳೆಯನ್ನು ಹೊತ್ತ ತಣ್ಣನೆಯ ಗಾಳಿ ಕೆಳಗೂ ಇಳೀತದೆ. ಮಿಂಚು, ಗುಡುಗು, ಬಿರುಗಾಳಿ ಎಲ್ಲ ಈ ಹೊತ್ತಿನದ್ದು. ಮೂರನೆಯದರಲ್ಲಿ ಇಳಿಯುವ ಗಾಳಿ ಏರುವ ಗಾಳಿಯ ಬುಡವನ್ನೇ ಕತ್ತರಿಸ್ತದೆ, ಮೋಡ ತನ್ನ ಮಳೆಯಿಂದಲೇ ಸಾಯ್ತದೆ. ಒಂದು ಒಂಟಿ ಮೋಡಕ್ಕೆ ಹುಟ್ಟಿನಿಂದ ಸಾವಿನವರೆಗೆ ಸುಮಾರು ಅರ್ಧದಿಂದ ಒಂದು ಗಂಟೆ. ಹಲವು ಮೋಡಗಳು ಒಂದರ ಬೆನ್ನಿಗೆ ಒಂದು ಹುಟ್ಟಿದರೆ ಮಳೆ ಎರಡು ಮೂರು ಗಂಟೆ ಎಳೆದೀತು.

ಈಗ ಲೆಕ್ಕ: ಶಾರ್ಜಾದಿಂದ ನಮ್ಮ ಕರಾವಳಿಗೆ ಮೂರು, ಮೂರೂವರೆ ಗಂಟೆಯ ಹಾರಾಟ. ಮೋಡದ ಆಯುಸ್ಸು ಒಂದು ಗಂಟೆ. ಅಂದರೆ ಅಣ್ಣನ ವಿಮಾನ ಅಲ್ಲಿ ನೆಲ ಬಿಟ್ಟಾಗ, ಅದನ್ನು ಇಲ್ಲಿಂದ ಓಡಿಸಿದ ಮೋಡ ಇನ್ನೂ ಹುಟ್ಟಿಯೇ ಇರಲಿಲ್ಲ. ಅದರ ತಾಯಿ ಮಾತ್ರ ಇತ್ತು: ಸಮುದ್ರದ ತೇವ, ಗಟ್ಟದ ಬಿಸಿಲು, ಮೇಲಿನ ಗಾಳಿಯ ದಿಕ್ಕು. ಹುಟ್ಟದ ಮಗುವಿನ ಹೆಸರು ಹೇಳು ಅಂತ ಮುನ್ಸೂಚನೆಗಾರರನ್ನು ಕೇಳಿದ ಹಾಗಾಯ್ತು ನಮ್ಮ ಪ್ರಶ್ನೆ.

ಹಾಗಾದರೆ ಗುಡುಗಿಗೆ ವಿಮಾನ ಯಾಕೆ ಅಷ್ಟು ಹೆದರ್ತದೆ? ಸಿಡಿಲಿಗೆ ಅಂತ ನಾನೂ ಅಂದುಕೊಂಡಿದ್ದೆ. ಅದಲ್ಲ. ಪ್ರಯಾಣಿಕರ ವಿಮಾನಕ್ಕೆ ಸರಾಸರಿ ವರ್ಷಕ್ಕೊಮ್ಮೆಯಾದರೂ ಸಿಡಿಲು ಬಡೀತದೆ, ಅದು ಮೈಮೇಲೆ ಹರಿದು ಆಚೆ ಹೋಗ್ತದೆ. ನಿಜವಾದ ಅಪಾಯ ಗಾಳಿಯದ್ದು. ಉಷ್ಣವಲಯದಲ್ಲಿ ಈ ಮೋಡದ ನೆತ್ತಿ 15-16 ಕಿ.ಮೀ. ಎತ್ತರ ಹೋಗ್ತದೆ, ವಿಮಾನ ಹಾರುವುದು 10-12 ಕಿ.ಮೀ.ನಲ್ಲಿ. ಮೇಲಿಂದ ದಾಟಲಿಕ್ಕೆ ಆಗುವುದಿಲ್ಲ, ಸುತ್ತು ಹಾಕಬೇಕು. ಇಳಿಯುವಾಗ ಸುತ್ತು ಹಾಕಲಿಕ್ಕೂ ಜಾಗ ಇಲ್ಲ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಒಂದು ವಿಮಾನ ಗುಡುಗು-ಮಳೆಯಲ್ಲಿ ಬಿತ್ತು. ಅದನ್ನು ಅಧ್ಯಯನ ಮಾಡಿದ ಟೆಡ್ ಫ್ಯುಜಿಟಾ ಎಂಬ ಜಪಾನ್ ಮೂಲದ ವಿಜ್ಞಾನಿ, ಮೋಡದಿಂದ ತಣ್ಣನೆಯ ಗಾಳಿ ಕಂಬದಂತೆ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡ್ತದೆ ಎಂದು ತೋರಿಸಿದರು. ಕೊಡದ ನೀರನ್ನು ಅಂಗಳಕ್ಕೆ ಹೊಯ್ದಾಗ ಎಲ್ಲ ಬದಿಗೂ ಚಿಮ್ಮುತ್ತದಲ್ಲ, ಹಾಗೆ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗ್ತದೆ, ರೆಕ್ಕೆ ಎತ್ತಿದ ಹಾಗಾಗ್ತದೆ, ಪೈಲಟ್ ಶಕ್ತಿ ಕಡಿಮೆ ಮಾಡಬೇಕು ಅಂದುಕೊಳ್ತಾನೆ. ಕೆಲವೇ ಸೆಕೆಂಡಿನಲ್ಲಿ ಅದೇ ಗಾಳಿ ಬೆನ್ನಿಗೆ ಬಂದು ರೆಕ್ಕೆಯ ಆಸರೆ ಹೋಗ್ತದೆ. ಇದರ ವ್ಯಾಸ ನಾಲ್ಕು ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಮೈಕ್ರೋಬರ್ಸ್ಟ್ ಅಂತ ಕರೀತಾರೆ. ನಾಲ್ಕು ಕಿಲೋಮೀಟರ್ ಅಂದರೆ ಬದಿಯಡ್ಕ ಪೇಟೆಯಲ್ಲಿ ಬಿರುಗಾಳಿ, ಪಕ್ಕದ ಬೈಲಿನಲ್ಲಿ ಎಲೆ ಅಲುಗದ ಹಾಗೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಸರಿಪಡಿಸಬೇಕು. ಕಾಸರಗೋಡಿನಲ್ಲಿ ವಿಮಾನ ದುರಂತ ಅಂದ ಕೂಡಲೆ ಎಲ್ಲರಿಗೂ ನೆನಪಾಗುವುದು 2010ರ ಮೇ 22ರ ಮಂಗಳೂರು. ದುಬೈಯಿಂದ ಬಂದ ವಿಮಾನದಲ್ಲಿ 166 ಜನ ಇದ್ದರು, 158 ಮಂದಿ ತೀರಿಕೊಂಡರು. ನಮ್ಮ ಜಿಲ್ಲೆಯವರು ಅದರಲ್ಲಿ ತುಂಬ ಮಂದಿ. ಮಳೆಗಾಲದ ಬಾಗಿಲಿನ ದಿನಗಳಾದ್ದರಿಂದ ಮಳೆಯಿಂದ ಆದದ್ದು ಅಂತ ಹಲವರು ಹೇಳುವುದನ್ನು ಕೇಳಿದ್ದೇನೆ. ಅಂದು ಹವೆ ಸರಿಯಾಗಿಯೇ ಇತ್ತು. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇಯಲ್ಲಿ ತುಂಬ ಮುಂದೆ ಹೋಗಿ ಇಳಿದದ್ದು ಅಲ್ಲಿನ ಕಥೆ.

ಹವೆಯ ಕಥೆ ಬೇಕಾದರೆ ಕರಿಪ್ಪೂರಿಗೆ, ಅಂದರೆ ಕೋಝಿಕ್ಕೋಡ್ ನಿಲ್ದಾಣಕ್ಕೆ ಹೋಗಬೇಕು. ಅದೂ ಗುಡ್ಡದ ನೆತ್ತಿಯ ರನ್‌ವೇ. 2020ರ ಆಗಸ್ಟ್ 7ರ ಸಂಜೆ, ಕೋವಿಡ್ ಕಾಲ, ದುಬೈಯಿಂದ ಬಂದ ವಿಮಾನದಲ್ಲಿ 190 ಜನ. ಮಳೆಯಲ್ಲಿ ಒಂದು ಬದಿಯಿಂದ ಇಳಿಯಲು ನೋಡಿ ಮೇಲೆದ್ದಿತು. ಎರಡನೇ ಸಲ ಎದುರು ಬದಿಯಿಂದ, ಬೆನ್ನಿಗೆ ಗಾಳಿ ಇಟ್ಟುಕೊಂಡು ಬಂತು. ಒದ್ದೆ ರನ್‌ವೇಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತು, ಕೊನೆಯ ಇಳಿಜಾರಿಗೆ ಬಿದ್ದು ತುಂಡಾಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಹೋದರು. 2021ರಲ್ಲಿ ಬಂದ ತನಿಖಾ ವರದಿ ಮುಖ್ಯ ಕಾರಣವನ್ನು ಪೈಲಟ್ ನಿಯಮ ಮೀರಿದ್ದಕ್ಕೇ, ಮತ್ತೆ ಮೇಲೇಳದೆ ಇಳಿಸಿದ್ದಕ್ಕೇ ಹೊರಿಸಿದೆ. ಆದರೆ ಜೊತೆಗೂಡಿದ ಕಾರಣಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸೇರಿದವು. ಆ ಬದಿಯ ರನ್‌ವೇಯ ಗಾಳಿ ಅಳೆಯುವ ಉಪಕರಣವನ್ನು ನಿಯಮದಂತೆ ಇಟ್ಟಿರಲಿಲ್ಲ, ಅದು ಪದೇಪದೇ ಕೆಡುತ್ತಿತ್ತು. ಹಾಗಾಗಿ ವರದಿಯಾದ ಗಾಳಿ ಪೂರ್ತಿ ನಂಬುವಂಥದ್ದಾಗಿರಲಿಲ್ಲ. ಎರಡನೆಯದು, ಒಂದೇ ಹೊತ್ತಿಗೆ ಎರಡು ಹವಾಮಾನ ಎಚ್ಚರಿಕೆಗಳು ಜಾರಿಯಲ್ಲಿದ್ದರೂ, ನಿಯಂತ್ರಣ ಗೋಪುರದಲ್ಲಿ ಇರಬೇಕಾದ ಹವಾಮಾನ ಅಧಿಕಾರಿ ಆ ಹೊತ್ತಿಗೆ ಅಲ್ಲಿರಲಿಲ್ಲ.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು: ಮುನ್ಸೂಚನೆ ಸುಧಾರಿಸುವುದು ಅಂದರೆ ನಾವು ಕೂಡಲೆ ಸೂಪರ್ ಕಂಪ್ಯೂಟರ್ ಅಂತೇವೆ. ಒಂದು ಗಾಳಿ ಅಳೆಯುವ ಕಂಬ ಸರಿಯಾದ ಜಾಗದಲ್ಲಿ ನಿಂತಿರುವುದೂ, ಒಬ್ಬ ಮನುಷ್ಯ ಸರಿಯಾದ ಕುರ್ಚಿಯಲ್ಲಿ ಕೂತಿರುವುದೂ ಅದೇ ಕೆಲಸದ ಭಾಗ. ಅದಕ್ಕೆ ಉದ್ಘಾಟನೆ ಸಮಾರಂಭ ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಭಾಷೆಯ ಭಾಗ. ನನಗೆ ಅತಿ ಇಷ್ಟವಾದದ್ದು ಇದು. ಮೆಟಾರ್ ಎಂಬುದು ಈಗ ಏನಾಗ್ತಿದೆ ಎಂಬ ವರದಿ. ಮುಂದೆ ಏನಾದೀತು ಎಂಬುದಕ್ಕೆ 'ಟಾಫ್' ಎಂಬ ಇನ್ನೊಂದು ಸಾಲು ಉಂಟು, ನಿಲ್ದಾಣಕ್ಕೆ ತಕ್ಕಂತೆ 9, 24 ಅಥವಾ 30 ಗಂಟೆಗೆ. ಇಳಿಯುವವರಿಗೆ ಮುಂದಿನ ಎರಡು ಗಂಟೆಯ 'ಟ್ರೆಂಡ್' ಬೇರೆ. ಇಡೀ ಆಕಾಶಕ್ಕೆ, ನಮ್ಮ ಭಾಗಕ್ಕಾದರೆ ಚೆನ್ನೈಯಿಂದ, 'ಸಿಗ್ಮೆಟ್' ಎಂಬ ಎಚ್ಚರಿಕೆ ಬರ್ತದೆ. ಟಾಫ್‌ಗೆ ಅದರದ್ದೇ ವ್ಯಾಕರಣ ಉಂಟು. ಹವೆ ಬದಲಾಗಿ ಹಾಗೆಯೇ ನಿಲ್ತದೆ ಅಂತಿದ್ದರೆ 'ಬಿಕಮಿಂಗ್'. ಬಂದು ಹೋಗ್ತದೆ, ಒಂದೊಂದು ಸಲಕ್ಕೆ ಒಂದು ಗಂಟೆಗಿಂತ ಕಡಿಮೆ, ಒಟ್ಟು ಸೇರಿದರೂ ಹೇಳಿದ ಅವಧಿಯ ಅರ್ಧಕ್ಕಿಂತ ಕಡಿಮೆ ಅಂತಿದ್ದರೆ 'ಟೆಂಪೊ'. ಖಾತ್ರಿ ಇಲ್ಲದಿದ್ದರೆ 'ಪ್ರಾಬ್', ಅದರ ಮುಂದೆ 30 ಅಥವಾ 40. ಬೇರೆ ಅಂಕಿಗೆ ಜಾಗವೇ ಇಲ್ಲ. ಮೂವತ್ತಕ್ಕಿಂತ ಕಡಿಮೆ ಸಾಧ್ಯತೆ ಇದ್ದರೆ ಬರೆಯಲೇಬಾರದು. ಐವತ್ತು ಅಥವಾ ಹೆಚ್ಚಿದ್ದರೆ ಪ್ರಾಬ್ ಬಿಟ್ಟು ನೇರ ಹೇಳಬೇಕು.

ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಕಲಿತಿದ್ದೇವಲ್ಲ: ಬಂದಾನು, ಬಂದಾಳು, ಬಂದೀತು. ಮಾತಿನಲ್ಲಿ ಈಗ ಅಪರೂಪ ಆಗ್ತಾ ಉಂಟು, ಆದರೆ ಹಿರಿಯರ ಬಾಯಲ್ಲಿ ಉಳಿದಿದೆ. 'ಮಳೆ ಬರ್ತದೆ' ಅಂದರೆ ಅಡಿಕೆ ಒಳಗೆ ತಾ ಅಂತ. 'ಮಳೆ ಬರಬಹುದು' ಅಂದರೆ ಟಾರ್ಪಾಲು ಹತ್ತಿರ ಇಡು ಅಂತ. 'ಮಳೆ ಬಂದೀತು' ಅಂದರೆ ದೂರ ಹೋಗಬೇಡ, ಮೂಡುದಿಕ್ಕಿಗೆ ಒಂದು ಕಣ್ಣಿರಲಿ ಅಂತ. ಮೂರಕ್ಕೂ ಮೂರು ಬೇರೆ ಕೆಲಸ. ಟೆಂಪೊ, ಪ್ರಾಬ್ 40, ಪ್ರಾಬ್ 30 ಮಾಡುವುದೂ ಇದನ್ನೇ: ಪೈಲಟ್ ಎಷ್ಟು ಹೆಚ್ಚುವರಿ ಇಂಧನ ತುಂಬಬೇಕು, ಯಾವ ಊರನ್ನು ಬದಲಿ ನಿಲ್ದಾಣವಾಗಿ ಇಟ್ಟುಕೊಳ್ಳಬೇಕು ಎಂಬುದು ಆ ಶಬ್ದದ ಮೇಲೆ ನಿಂತಿದೆ. ಅದೇ ಮುನ್ಸೂಚನೆ ಪತ್ರಿಕೆಗೂ ಟಿವಿಗೂ ಬರುವಾಗ ಏನಾಗ್ತದೆ? ಎಲ್ಲವೂ 'ಸಾಧ್ಯತೆ ಇದೆ'. ಮೂವತ್ತೂ ಸಾಧ್ಯತೆ, ತೊಂಬತ್ತೂ ಸಾಧ್ಯತೆ. ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳು ಸ್ವಲ್ಪ ಸಹಾಯ ಮಾಡ್ತವೆ, ಆದರೆ ಬಣ್ಣ ಇರುವುದು ಇಡೀ ಜಿಲ್ಲೆಗೆ, ಇಡೀ ದಿನಕ್ಕೆ.

ನಮ್ಮ ನೆಲದಲ್ಲಿ ಈ ಕೆಲಸ ಯಾಕೆ ಕಷ್ಟ ಎಂಬುದಕ್ಕೆ ಬರ್ತೇನೆ. ಕಾಸರಗೋಡು ಒಂದು ಕಿರಿದಾದ ಪಟ್ಟಿ: ಪಡುವಲ್ಲಿ ಸಮುದ್ರ, ಮೂಡಲ್ಲಿ ಗಟ್ಟ. ಎಪ್ರಿಲ್-ಮೇಯಲ್ಲಿ ಹಾಗೂ ಮತ್ತೆ ಅಕ್ಟೋಬರ್-ನವೆಂಬರಿನಲ್ಲಿ, ಮಲಯಾಳದವರು ತುಲಾವರ್ಷಂ ಎನ್ನುವ, ನಾವು ಹಿಂಗಾರು ಎನ್ನುವ ಕಾಲದಲ್ಲಿ, ಬಿಸಿಲು ಏರಿದ ಹಾಗೆ ಸಮುದ್ರದ ಗಾಳಿ ಒಳಗೆ ಬರ್ತದೆ. ಅದು ತೇವವನ್ನು ಗಟ್ಟದ ಬುಡಕ್ಕೆ ತಳ್ಳುತ್ತದೆ, ಅಲ್ಲಿ ಗಾಳಿಗೆ ಮೇಲೇರದೆ ಬೇರೆ ದಾರಿ ಇಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಅಲ್ಲಿ. ಆಮೇಲೆ, ಮೇಲ್ಪದರದ ಗಾಳಿ ಮೂಡಿನಿಂದ ಬೀಸುತ್ತಿದ್ದರೆ, ಆ ಮೋಡಗಳು ಸಂಜೆಗೆ ಕರಾವಳಿಯ ಕಡೆ ಜಾರ್ತವೆ. ಅಜ್ಜಿ ಮೂಡುದಿಕ್ಕನ್ನೇ ನೋಡುತ್ತಿದ್ದದ್ದು ಇದಕ್ಕೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಿಡಿಲಿನ ಕಾಲದಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಜಾಗ್ರತೆ ಹೇಳುವುದೂ ಇದಕ್ಕೆ. ಬಜ್ಪೆ, ಮಟ್ಟನ್ನೂರು, ಕರಿಪ್ಪೂರು ಮೂರೂ ಈ ಪಟ್ಟಿಯಲ್ಲೇ, ಗಟ್ಟಕ್ಕೂ ಕಡಲಿಗೂ ನಡುವೆ, ಎತ್ತರದ ಜಾಗದಲ್ಲಿ ಕೂತಿವೆ. ಒಂದರಲ್ಲಿ ಇಳಿಯಲಾಗದಾಗ ಪಕ್ಕದ್ದರಲ್ಲೂ ಅದೇ ಪಾಡು ಇದ್ದೀತು. ಅಣ್ಣನ ವಿಮಾನ ಗಟ್ಟ ಹತ್ತಿ ಬೆಂಗಳೂರಿಗೆ ಹೋದದ್ದು ಆ ಕಾರಣಕ್ಕೆ ಇರಬೇಕು.

ಮೇಲಾಗಿ ಗಡಿ. ಕೇರಳದ ಮುನ್ಸೂಚನೆ ತಿರುವನಂತಪುರದ ಕೇಂದ್ರದಿಂದ, ಕರ್ನಾಟಕದ್ದು ಬೆಂಗಳೂರಿನಿಂದ. ಮಂಜೇಶ್ವರದವನು ವಿಮಾನ ಹತ್ತುವುದು ಬಜ್ಪೆಯಲ್ಲಿ, ಅವನ ಮನೆಗೆ ಎಚ್ಚರಿಕೆ ಬರುವುದು ಇನ್ನೊಂದು ರಾಜ್ಯದಿಂದ, ಇನ್ನೊಂದು ಭಾಷೆಯಲ್ಲಿ. ಮೋಡಕ್ಕೆ ತಲಪಾಡಿಯ ಚೆಕ್‌ಪೋಸ್ಟ್ ಗೊತ್ತಿಲ್ಲ.

ರಾಡಾರ್ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನಗೆ ಇದು ಅರ್ಥವಾಗಲಿಕ್ಕೆ ಒಂದು ವಾರ ಬೇಕಾಯ್ತು. ಡಾಪ್ಲರ್ ರಾಡಾರ್ ಒಂದು ಅಲೆಯನ್ನು ಕಳಿಸಿ, ಮಳೆಹನಿಗೆ ತಾಗಿ ವಾಪಸು ಬಂದದ್ದನ್ನು ಓದ್ತದೆ. ಹನಿ ಹತ್ತಿರ ಬರ್ತಿದೆಯೋ ದೂರ ಹೋಗ್ತಿದೆಯೋ ಎಂದೂ ಹೇಳ್ತದೆ. ನಮ್ಮ ಕರಾವಳಿಯಲ್ಲಿ ಕೊಚ್ಚಿಯಲ್ಲೂ ಗೋವಾದಲ್ಲೂ ಅಂಥ ರಾಡಾರ್ ಇವೆ. ಕೊಚ್ಚಿಯಿಂದ ಕಾಸರಗೋಡಿಗೆ ನೇರ ಗೆರೆಯಲ್ಲಿ 300 ಕಿ.ಮೀ.ಗೂ ಹೆಚ್ಚು. ಅಲೆ ನೇರ ಹೋಗ್ತದೆ, ಭೂಮಿ ಬಾಗಿದೆ. ನೆಲಕ್ಕೆ ಅರ್ಧ ಡಿಗ್ರಿ ಮೇಲಕ್ಕೆ ಮುಖ ಮಾಡಿದ ಅಲೆ 300 ಕಿ.ಮೀ. ದಾಟುವಷ್ಟರಲ್ಲಿ ನೆಲದಿಂದ ಸುಮಾರು 8 ಕಿ.ಮೀ. ಎತ್ತರ ಏರಿರ್ತದೆ. ಅಷ್ಟು ದೂರದಿಂದ ಕಂಡೀತಾದರೆ ಬೆಳೆದುನಿಂತ ಮೋಡದ ತಲೆ ಮಾತ್ರ. ಈಗಷ್ಟೇ ಹುಟ್ಟುತ್ತಿರುವ ಮೋಡ, ನೆಲಕ್ಕೆ ಅಪ್ಪಳಿಸುವ ಗಾಳಿ, ಎರಡೂ ಅಲೆಯ ಕಾಲಕೆಳಗೆ ನುಸುಳಿ ಹೋಗ್ತವೆ. ಅಂದರೆ ದೊಡ್ಡ ರಾಡಾರ್ ಒಂದು ದೂರದಲ್ಲಿರುವುದಕ್ಕಿಂತ ಸಣ್ಣ ರಾಡಾರ್ ಒಂದು ಹತ್ತಿರ ಇರುವುದು ನಿಲ್ದಾಣಕ್ಕೆ ಮೇಲು. ದೇಶದಲ್ಲಿ ರಾಡಾರ್‌ಗಳ ಸಂಖ್ಯೆ ಹೆಚ್ಚಿಸುವುದಕ್ಕೆ ಒತ್ತು ಕೊಟ್ಟು, 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 2000 ಕೋಟಿ ರೂಪಾಯಿಯ 'ಮಿಷನ್ ಮೌಸಮ್' ಯೋಜನೆಗೆ ಒಪ್ಪಿಗೆ ಕೊಟ್ಟಿತು.

ರಾಡಾರ್ ಇಲ್ಲದ ಕಡೆ ಉಪಗ್ರಹ. ಇನ್ಸಾಟ್ ಸರಣಿಯ ಉಪಗ್ರಹಗಳು ಮೇಲಿನಿಂದ ಮೋಡದ ನೆತ್ತಿಯ ಉಷ್ಣತೆ ಅಳೆಯುತ್ತವೆ. ನೆತ್ತಿ ಬೇಗ ಬೇಗ ತಣ್ಣಗಾಗ್ತಿದ್ದರೆ ಮೋಡ ಬೆಳೀತಿದೆ ಎಂದರ್ಥ. ಮಿಂಚನ್ನು ರೇಡಿಯೋ ಅಲೆಯಿಂದ ಹಿಡಿಯುವ ಜಾಲವನ್ನು ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ದೇಶದುದ್ದಕ್ಕೂ ಇಟ್ಟಿದೆ. ಅದರ ಆ್ಯಪ್‌ಗೆ 'ದಾಮಿನಿ' ಎಂದು ಹೆಸರು. ನಮ್ಮ ಹಳೆಯ ಕಾವ್ಯಗಳನ್ನು ಓದುವವರಿಗೆ ಪರಿಚಯದ ಮಾತು, ಮಿಂಚು ಅಂತಲೇ ಅರ್ಥ. ಅದು ನಮ್ಮ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಮಿಂಚು ಬಿದ್ದರೆ ತೋರಿಸ್ತದೆ. ಇಂಧನ ತುಂಬುವವರು, ಸಾಮಾನು ಹೊರುವವರು ಬಯಲಲ್ಲಿ ನಿಂತು ಕೆಲಸ ಮಾಡುವ ನಿಲ್ದಾಣಕ್ಕೂ, ಅಡಿಕೆ ಮರ ಹತ್ತುವವರಿಗೂ ಬೇಕಾದದ್ದು ಒಂದೇ ಮಾಹಿತಿ.

ಇದೆಲ್ಲ ಈಗಿನಿಂದ ಎರಡು ಮೂರು ಗಂಟೆಯೊಳಗಿನ ಮಾತು. ಅದಕ್ಕಿಂತ ಮುಂದಕ್ಕೆ ನೋಡಬೇಕಾದರೆ ಕಂಪ್ಯೂಟರ್ ಮಾದರಿಯೇ ಗತಿ. ಅದು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕ್ತದೆ. ನಮ್ಮ ದೇಶದ ಮಾದರಿಯ ಚೌಕ 12 ಕಿ.ಮೀ. ಇತ್ತು, 2025ರ ಮೇ 26ರಂದು ಆರಂಭವಾದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್'ನಲ್ಲಿ 6 ಕಿ.ಮೀ. ಆಗಿದೆ. ದೊಡ್ಡ ಹೆಜ್ಜೆ, ಸಂಶಯವಿಲ್ಲ. ಆದರೆ ಒಂಟಿ ಗುಡುಗಿನ ಮೋಡದ ಅಗಲವೇ ಕೆಲವು ಕಿಲೋಮೀಟರ್. ಬಲೆಯ ಕಣ್ಣು ಸಣ್ಣದಾಗಿದೆ, ಮೀನು ಇನ್ನೂ ಸಣ್ಣದು. ಹಾಗಾಗಿ ಒಂದೇ ಲೆಕ್ಕ ಮಾಡುವ ಬದಲು, ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಹತ್ತಾರು ಸಲ ಲೆಕ್ಕ ಮಾಡಿ, ಎಷ್ಟರಲ್ಲಿ ಗುಡುಗು ಬಂತು ಅಂತ ಎಣಿಸ್ತಾರೆ. ಪ್ರಾಬ್ 40 ಎಂಬ ಮಾತಿಗೆ ಅಂಥ ಎಣಿಕೆಯ ಆಧಾರ ಕೊಡುವುದು ಸುಧಾರಣೆಯ ದೊಡ್ಡ ಭಾಗ.

ಹಾಗಾದರೆ ಸಂಶಯ ಬಂದಾಗೆಲ್ಲ 'ಗುಡುಗು' ಅಂತ ಬರೆದುಬಿಟ್ಟರೆ ಸುರಕ್ಷಿತ ಅಲ್ಲವಾ? ಅಲ್ಲ. ಪ್ರತಿ ಎಚ್ಚರಿಕೆಗೂ ವಿಮಾನ ಹೆಚ್ಚು ಇಂಧನ ಹೊರಬೇಕು, ಹೊತ್ತ ಇಂಧನದ ಒಂದು ಪಾಲು ಅದನ್ನು ಹೊರುವುದಕ್ಕೇ ಉರಿದುಹೋಗ್ತದೆ. ಹತ್ತು ಸಲ ಸುಳ್ಳಾದರೆ ಹನ್ನೊಂದನೆಯದನ್ನು ಯಾರೂ ಗಟ್ಟಿಯಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಮೊಬೈಲಿಗೆ ದಿನಾ ಬರುವ ಹಳದಿ ಎಚ್ಚರಿಕೆಯ ಗತಿ ಏನಾಗಿದೆ ಅಂತ ನಿಮಗೇ ಗೊತ್ತುಂಟು. ತಪ್ಪಿಹೋದ ಗುಡುಗು ಎಷ್ಟು, ಸುಳ್ಳಾದ ಎಚ್ಚರಿಕೆ ಎಷ್ಟು, ಎರಡನ್ನೂ ಒಟ್ಟಿಗೆ ಲೆಕ್ಕ ಇಟ್ಟರೆ ಮಾತ್ರ ಮುನ್ಸೂಚನೆ ಸುಧಾರಿಸಿದೆಯೋ ಇಲ್ಲವೋ ಗೊತ್ತಾಗುವುದು.

ನನ್ನ ಮಂಡನೆ ಇಷ್ಟೇ. ಮೋಡೆಮ್ ಇನ್ನೂ ಉಳಿದಿದೆ.

ಚರ್ಚೆಯಿಂದ

ಅಧ್ಯಕ್ಷತೆ ವಹಿಸಿದ್ದ ಸರ್ ಕೇಳಿದ್ದು: ನಮ್ಮಲ್ಲಿ ಭರಣಿ, ಕೃತ್ತಿಕೆ, ರೋಹಿಣಿ ಎಂಬ ಮಳೆ ನಕ್ಷತ್ರಗಳ ಲೆಕ್ಕ ಉಂಟು, ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಕ್ರಮ ಉಂಟು. ಇವೂ ಮುನ್ಸೂಚನೆಗಳೇ ಅಲ್ಲವೇ?

ಸರ್, ನನ್ನ ಅಭಿಪ್ರಾಯದಲ್ಲಿ ಅವು ಮುನ್ಸೂಚನೆ ಅಲ್ಲ, ಸರಾಸರಿ. ಒಂದು ನಕ್ಷತ್ರಕ್ಕೆ ಹದಿಮೂರು, ಹದಿನಾಲ್ಕು ದಿನ. ತುಂಬ ವರ್ಷ ನೋಡಿ, ಈ ಹದಿನಾಲ್ಕು ದಿನದಲ್ಲಿ ಸಾಮಾನ್ಯವಾಗಿ ಹೀಗಿರ್ತದೆ ಅಂತ ಕಟ್ಟಿದ ಲೆಕ್ಕ ಅದು. ಪತ್ತನಾಜೆ, ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ ಬರ್ತದೆ. ಅಂದಿಗೆ ಕೋಲ, ಯಕ್ಷಗಾನದ ಮೇಳ ಎಲ್ಲ ನಿಲ್ತವೆ. ಇನ್ನು ಮಳೆಯನ್ನು ನಂಬಿ ಬಯಲಲ್ಲಿ ರಾತ್ರಿ ಕಳೆಯುವ ಹಾಗಿಲ್ಲ ಅಂತ. 2025ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದೂ ಮೇ 24ಕ್ಕೇ, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಹೆಚ್ಚಿನ ವರ್ಷ ಅದು ಜೂನ್ 1ರ ಆಚೀಚೆ. ಹಾಗಾಗಿ ಒಂದು ವರ್ಷ ದಿನಕ್ಕೆ ಸರಿ ತಾಗಿದ್ದನ್ನು ನಾನು ಸಾಕ್ಷಿ ಅಂತ ತೆಗೆದುಕೊಳ್ಳುವುದಿಲ್ಲ. ಆದರೆ ಅಜ್ಜಿ ಮೂಡುದಿಕ್ಕು ನೋಡಿ ಅರ್ಧ ಗಂಟೆಯ ಒಳಗಿನದ್ದು ಹೇಳ್ತಿದ್ದರಲ್ಲ, ಅದು ನಿಜವಾದ ಮುನ್ಸೂಚನೆ. ಇಲಾಖೆಯವರು ಮೂರು ಗಂಟೆಗೆ ಕೊಡುವ ತತ್‌ಕ್ಷಣದ ಮುನ್ಸೂಚನೆಯ ಸಣ್ಣ ರೂಪ.

ಚಾಟ್‌ನಲ್ಲಿ ಒಬ್ಬ ಗೆಳತಿ ಕೇಳಿದ್ದು: ನಿನ್ನ ಅಣ್ಣ ಬಂದ ದಿನದ ಟಾಫ್ ಅನ್ನು ಆಮೇಲೆ ನೋಡಿದ್ದೀಯಾ?

ನೋಡಿದೆ. ಈ ಪ್ರಬಂಧಕ್ಕಾಗಿ ಹುಡುಕಿದೆ, ಹಳೆಯ ಟಾಫ್‌ಗಳು ಇಂಟರ್‌ನೆಟ್‌ನಲ್ಲಿ ಸಿಗ್ತವೆ. ಅಂದು ಮಧ್ಯಾಹ್ನದ್ದರಲ್ಲಿ ಪ್ರಾಬ್ 40 ಟೆಂಪೊ, ಗುಡುಗು-ಮಳೆ, 12ರಿಂದ 16ರವರೆಗೆ ಅಂತ ಇತ್ತು. ಟಾಫ್‌ನ ಹೊತ್ತು ಗ್ರೀನಿಚ್‌ನದ್ದು, ಐದೂವರೆ ಗಂಟೆ ಸೇರಿಸಬೇಕು. ಅಂದರೆ ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತೂವರೆ. ನಾನು ಅಪ್ಪನಿಗೆ ಕೊಡಬೇಕಿದ್ದ ಉತ್ತರ ಅದೇ, ಗೊತ್ತಿತ್ತು ಅಂತ. ಪೈಲಟ್‌ನ ಕೈಯಲ್ಲಿದ್ದ ಕಾಗದದಲ್ಲಿ ಇತ್ತು, ಅವನು ಬೆಂಗಳೂರಿಗೆ ಸಾಕಾಗುವಷ್ಟು ಇಂಧನ ತಂದದ್ದೂ ಅದನ್ನು ಓದಿಯೇ ಇರಬೇಕು.

ಕಳೆದ ವಾರ ಇದನ್ನು ದೊಡ್ಡ ಮಾವನಿಗೆ ಹೇಳಿದೆ. ಪ್ರಾಬ್, ಟೆಂಪೊ ಎಲ್ಲ ಬಿಡಿಸಿ ಹೇಳಿದೆ. ಅವರು ಅಂಗಳದಲ್ಲಿ ಅಡಿಕೆ ಗುಡಿಸ್ತಾ ಇದ್ದರು. ನಲ್ವತ್ತರ ಬಗ್ಗೆ ಏನೂ ಕೇಳಲಿಲ್ಲ. 'ಒಂಬತ್ತೂವರೆಗೆ ನಿಲ್ತದೆ ಅಂತ ಬರೆದಿತ್ತಾ?' ಅಂತ ಕೇಳಿದರು. ಹೌದು ಮಾವ, ಅಂದೆ. ಸ್ವಲ್ಪ ಹೊತ್ತು ಹಾಗೇ ನಿಂತರು, ಆಮೇಲೆ ಟಾರ್ಪಾಲಿನ ಇನ್ನೊಂದು ತುದಿ ಹಿಡಿ ಅಂದರು.